ಉತ್ತರದ ಕಿಟಕಿಯ ಬೆಂಚು

ಊರಿನವರು ಅವರನ್ನು ಎದುರಿಗೆ ಧಣಿ ಎನ್ನುತ್ತಿದ್ದರು, ಬೆನ್ನ ಹಿಂದೆ ಕಾಗೆ ಸಾಹುಕಾರ ಎನ್ನುತ್ತಿದ್ದರು. ಎರಡೂ ಅವರಿಗೆ ಗೊತ್ತಿತ್ತು. ಎರಡನೆಯ ಹೆಸರೇ ಅವರಿಗೆ ಹೆಚ್ಚು ಇಷ್ಟ. ಮೊದಲನೆಯದು ದುಡ್ಡಿನಿಂದ ಬಂದದ್ದು, ಎರಡನೆಯದು ಬೆವರಿನಿಂದ ಬಂದದ್ದು.

ಪ್ರಾಯದಲ್ಲಿ ಅವರು ದೀಪದ ಗಾಜು ಮಾರುತ್ತಿದ್ದರು. ಒಣಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಗಾಜಿನ ಚಿಮಣಿಗಳನ್ನು ಇಟ್ಟು, ಹೇಸರಗತ್ತೆಯ ಮೇಲೆ ಹೇರಿಕೊಂಡು ಬೆಟ್ಟ ಹತ್ತಿದರೆ, ಮೇಲಿನ ಹಳ್ಳಿ ಮುಟ್ಟುವಷ್ಟರಲ್ಲಿ ಅರ್ಧ ಮಾಲು ಪುಡಿಯಾಗಿರುತ್ತಿತ್ತು. ಒಂದು ಮಧ್ಯಾಹ್ನ ಕುರಿ ಕಾಯುವವನೊಬ್ಬನ ಗುಡಿಸಲಿನಲ್ಲಿ ನೀರು ಕೇಳಿ ನಿಂತಾಗ, ಗೋಡೆಯ ಕಿಂಡಿಗೆ ಅಂಟಿಸಿದ್ದ ಒಂದು ಹೊಳೆಯುವ ಹಾಳೆ ಕಣ್ಣಿಗೆ ಬಿತ್ತು. ಬೆರಳಿನಿಂದ ತಟ್ಟಿದರು, ಒಡೆಯಲಿಲ್ಲ. ಅದರದೊಂದು ಚೂರನ್ನು ಒಲೆಯ ಉರಿಗೆ ಹಿಡಿದರು, ಸುಡಲಿಲ್ಲ.

“ಅದೇನು ಮಹಾ, ಕಾಗೆಬಂಗಾರ,” ಎಂದ ಕುರಿಯವನು. “ಗುಡ್ಡ ಕೆರೆದ್ರೆ ಬೇಕಾದಷ್ಟು ಸಿಗುತ್ತೆ. ತಿನ್ನೋಕಾಗಲ್ಲ, ಉಡೋಕಾಗಲ್ಲ.”

ಅವರು ಹೇಸರಗತ್ತೆ ಮಾರಿದರು, ಉಳಿದ ಗಾಜು ಮಾರಿದರು, ಹೆಂಡತಿಯ ಬಳೆಗಳನ್ನು ಅವಳೇ ಬಿಚ್ಚಿಕೊಟ್ಟಾಗ ಅವನ್ನೂ ಮಾರಿ ಗುಡ್ಡಕ್ಕೆ ಗುದ್ದಲಿ ಹಾಕಿದರು. ಪೇಟೆಯ ಅಂಗಡಿಯವರಿಗೆ ಆ ವರ್ಷವೆಲ್ಲ ನಗಲಿಕ್ಕೆ ಬೇರೇನೂ ಬೇಕಾಗಲಿಲ್ಲ. “ಬೆಟ್ಟ ಅಗೆದು ಇಲಿ ಹಿಡಿಯೋರ್ನ ಕೇಳಿದ್ವಿ, ಕಾಗೆ ಹಿಡಿಯೋರ್ನ ಈಗ ನೋಡಿದ್ವಿ,” ಎಂದರು. ಆ ಗುಡ್ಡದಿಂದ ಕಾಗೆಬಂಗಾರದ ಮೊದಲ ಗಟ್ಟಿ ಹೊರತೆಗೆದವರು ಸಾಹುಕಾರರೇ. ಅದನ್ನು ಹಾಳೆಹಾಳೆಯಾಗಿ ಬಿಡಿಸಿ, ಹೆಗಲ ಚೀಲದಲ್ಲಿ ಹಾಕಿಕೊಂಡು, ಒಲೆ ತಯಾರಿಸುವವರ ಬಾಗಿಲಿಗೆ, ಲಾಟೀನು ಮಾಡುವವರ ಬಾಗಿಲಿಗೆ ಅಲೆದವರೂ ಅವರೇ. ಆಮೇಲೆ ಊರೂರಿಗೆ ಕರೆಂಟು ಬಂತು. ಇಸ್ತ್ರಿ ಪೆಟ್ಟಿಗೆಯ ಹೊಟ್ಟೆಯೊಳಗೆ ಕಾದ ತಂತಿಯನ್ನು ಸುತ್ತಲು ಕಾಗೆಬಂಗಾರದಂಥ ಹಾಳೆ ಇನ್ನೊಂದಿಲ್ಲ ಎಂದು ಲೋಕಕ್ಕೆ ತಿಳಿಯಿತು. ನಕ್ಕ ಅಂಗಡಿಯವರ ಮಕ್ಕಳು ಇವರ ಗಣಿಯಲ್ಲಿ ಕೆಲಸಕ್ಕೆ ಸೇರಿದರು.

ಈಗ ಅವರಿಗೆ ಎಪ್ಪತ್ತೆಂಟು. ಮಕ್ಕಳಾಗಲಿಲ್ಲ. ಹೆಂಡತಿ ಹೋಗಿ ಹನ್ನೆರಡು ವರ್ಷ. ಗಣಿಯನ್ನೂ ಆಫೀಸನ್ನೂ ತಂಗಿಯ ಮಗ ನೋಡಿಕೊಳ್ಳುತ್ತಾನೆ. ಅಳಿಯ ಒಳ್ಳೆಯವನು, ಚುರುಕು, ಯಾವಾಗಲೂ ಎಲ್ಲಿಗೋ ಹೊರಟವನ ಹಾಗೆ ನಿಂತೇ ಮಾತಾಡುವವನು. ಅವನ ಸಂಸಾರ ಆಫೀಸಿನ ಪಕ್ಕದ ಮನೆಯಲ್ಲಿ. ಸಾಹುಕಾರರ ಮನೆಯಲ್ಲಿ ಆರು ಕೋಣೆ, ಒಬ್ಬ ಮನುಷ್ಯ, ಬೆಳಿಗ್ಗೆ ಸಂಜೆ ಬಂದು ಹೋಗುವ ಅಡುಗೆಯವಳು.

ಅವರಿಗೆ ಉಳಿದಿದ್ದ ಒಂದೇ ಕೆಲಸವೆಂದರೆ ಬೆಂಚಿನದು.

ಗಣಿಯ ಕೆಳಗಿನ ಉದ್ದನೆಯ ಶೆಡ್ಡಿನಲ್ಲಿ ಇಪ್ಪತ್ತೆರಡು ಹೆಂಗಸರು ಚಾಪೆ ಹಾಕಿಕೊಂಡು ಕೂತು ಗಟ್ಟಿ ಬಿಡಿಸುತ್ತಾರೆ. ಗಟ್ಟಿ ಎಂದರೆ ಒದ್ದೆಯಾಗಿ ಅಂಟಿಕೊಂಡ ಪುಸ್ತಕದ ಹಾಗೆ. ಮೊದಲು ಚಿಕ್ಕ ಕತ್ತಿಯ ತುದಿಯಿಂದ, ಕೊನೆಗೆ ಬರೀ ಉಗುರಿನಿಂದ ಒಂದೊಂದೇ ಹಾಳೆ ಎಬ್ಬಿಸಬೇಕು. ಬಿಡಿಸಿದ ಹಾಳೆಗಳು ಉತ್ತರದ ಕಿಟಕಿಯ ಪಕ್ಕದ ಎತ್ತರದ ಬೆಂಚಿಗೆ ಹೋಗುತ್ತವೆ. ಉತ್ತರದ ಬೆಳಕು ದಿನವಿಡೀ ಒಂದೇ ಸಮ, ಮೋಸ ಮಾಡುವುದಿಲ್ಲ. ಅಲ್ಲಿ ಕೂತವರು ಪ್ರತಿ ಹಾಳೆಯನ್ನೂ ನೋಡಿ ಬೇರೆ ಮಾಡಬೇಕು: ಬಿರುಕಿದೆಯೇ, ಅಲೆಯಿದೆಯೇ, ದಪ್ಪ ಸಮವೇ, ಕೊನೆಗೆ ಬೆಳಕಿಗೆ ಹಿಡಿದರೆ ನಿಚ್ಚಳವೇ ಅಥವಾ ಒಳಗೆ ಕೆಂಪು ಕಲೆಯಿದೆಯೇ. ಕಲೆಯಿದ್ದ ಕಡೆ ಕರೆಂಟು ಸೋರುತ್ತದೆ. ನಿಚ್ಚಳ ರಾಶಿಯಲ್ಲಿ ಒಂದು ಕಲೆ ಸೇರಿದರೂ ಅದು ಯಾರದೋ ಮನೆಯ ಹೆಂಗಸಿನ ಕೈಗೆ ಹೊಡೆಯುತ್ತದೆ ಎಂದು ಸಾಹುಕಾರರು ಹೇಳುತ್ತಿದ್ದರು. ಅದಕ್ಕೇ ಅವರದೊಂದು ಕಟ್ಟಳೆ: ಹಾಳೆಯ ಬಣ್ಣ ಗುರುತಿಸಲು ತಪ್ಪಿದವರು ಬೆಂಚಿನ ಮೇಲೆ ಕೂರುವ ಹಾಗಿಲ್ಲ.

ಹೆಂಡತಿ ಹೋದಮೇಲೆ ಆ ಬೆಂಚಿನಲ್ಲಿ ಅವರೇ ಕೂತರು. ಬೆಳಿಗ್ಗೆ ಎಂಟಕ್ಕೆ ಬಂದರೆ ನಾಲ್ಕಕ್ಕೆ ಏಳುವುದು. ಅವರು ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಆದರೆ ಕಿವಿ ಮಾತ್ರ ಚಾಪೆಗಳ ಮೇಲೇ ಇರುತ್ತಿತ್ತು. ಯಾರ ಸೊಸೆ ಮುಖ ಊದಿಸಿಕೊಂಡಿದ್ದಾಳೆ, ಯಾರ ಗಂಡನ ಗೊರಕೆಗೆ ಪಕ್ಕದ ಮನೆಯ ನಾಯಿ ಉತ್ತರ ಕೊಡುತ್ತದೆ, ಯಾರ ನಾದಿನಿ ಎರವಲು ತಗೊಂಡ ಸೀರೆಯನ್ನು ತನ್ನದೇ ಎಂದು ಮೂರು ಮದುವೆಗೆ ಉಟ್ಟಳು, ಎಲ್ಲವೂ ಅವರಿಗೆ ಗೊತ್ತು. ಅವರಲ್ಲಿ ಮಾತಿನಮಲ್ಲಿಯೊಬ್ಬಳು, ಗಿಣಿ ಎಂದು ಅಡ್ಡಹೆಸರು. ಅವಳು ಬಾಯಿ ತೆರೆದರೆ ಸಾಹುಕಾರರು ತುಟಿ ಕಚ್ಚಿ ನಗು ನುಂಗಬೇಕಾಗುತ್ತಿತ್ತು. ಮನೆಗೆ ಹೋಗಿ ಒಬ್ಬರೇ ಉಣ್ಣುವಾಗ ಅದನ್ನು ನೆನೆಸಿಕೊಂಡು ನಗುತ್ತಿದ್ದರು.

ಎಂಟು ತಿಂಗಳ ಹಿಂದೆ, ಒಂದು ಬೆಳಿಗ್ಗೆ, ಎದುರು ಹಿಡಿದ ಹಾಳೆಯ ನಡುವೆ ಹೊಗೆಯಾಡಿದ ಹಾಗೆ ಕಂಡಿತು. ಹಾಳೆ ಬದಲಿಸಿದರೂ ಹೊಗೆ ಹೋಗಲಿಲ್ಲ. ಯಾರಿಗೂ ಹೇಳದೆ ಬಸ್ಸು ಹತ್ತಿ ದೂರದ ಕಣ್ಣಿನ ಡಾಕ್ಟರರ ಹತ್ತಿರ ಹೋದರು. “ಕಣ್ಣಿನ ಹಿಂದಿನ ನರ ಒಣಗ್ತಾ ಇದೆ, ಯಜಮಾನರೇ,” ಎಂದರು ಡಾಕ್ಟರು. “ಓಡಾಡೋಕೆ ತೊಂದರೆ ಇಲ್ಲ. ಸಣ್ಣ ಕೆಲಸ, ಬಣ್ಣ ನೋಡೋ ಕೆಲಸ ಮಾತ್ರ ಬಿಡಿ. ಕನ್ನಡಕ ಬದಲಾಯಿಸಿ ಪ್ರಯೋಜನ ಇಲ್ಲ.”

ಬಿಡಲಿಲ್ಲ. ಅವರ ಹೆಬ್ಬೆರಳು ಇತ್ತಲ್ಲ. ಐವತ್ತು ವರ್ಷ ಹಾಳೆ ಸವರಿದ ಹೆಬ್ಬೆರಳು. ಕೂದಲೆಳೆಯಷ್ಟು ಬಿರುಕಿದ್ದರೂ ಅದು ಹೇಳುತ್ತಿತ್ತು. ಹಾಳೆಯನ್ನು ಕಿವಿಯ ಹತ್ತಿರ ತಂದು ಒಮ್ಮೆ ಬಾಗಿಸಿ ಬಿಟ್ಟರೆ, ಅದು ಟಕ್ ಎನ್ನುವ ಸದ್ದಿನಲ್ಲೇ ದಪ್ಪ ತಿಳಿಯುತ್ತಿತ್ತು. ಬಣ್ಣವನ್ನು ಮಾತ್ರ ಗಟ್ಟಿ ಬಂದ ಸುರಂಗ ನೋಡಿ ಅಂದಾಜು ಮಾಡುತ್ತಿದ್ದರು: ಮೇಲಿನ ಸುರಂಗದ್ದು ನಿಚ್ಚಳ, ಕೆಳಗಿನದು ಕಲೆ. ಯಾರೂ ಏನೂ ಅನ್ನಲಿಲ್ಲ. ಯಾರಿಗೂ ಗೊತ್ತಾಗಿಲ್ಲ ಎಂದು ಅವರು ನಂಬಿದರು. ಎಲ್ಲಿಯವರೆಗೆ ಗೊತ್ತಾಗುವುದಿಲ್ಲವೋ ಅಲ್ಲಿಯವರೆಗೆ ಬೆಂಚು ತಮ್ಮದು.

ಆ ದಿನ ನಾಲ್ಕಕ್ಕೆ ಎದ್ದು ಅರ್ಧ ದಾರಿ ಹೋದಮೇಲೆ ಜೇಬು ಮುಟ್ಟಿ ನೋಡಿಕೊಂಡರು. ಮನೆಯ ಕೀಲಿಕೈ ಬೆಂಚಿನ ಮೇಲೆ ಉಳಿದಿತ್ತು. ಹಿಂದಿರುಗಿದರು. ಶೆಡ್ಡಿನ ಬಾಗಿಲ ಹೊರಗೆ ಖಾಲಿ ಪೆಟ್ಟಿಗೆಗಳನ್ನು ಪೇರಿಸಿಟ್ಟಿದ್ದರು. ಒಳಗಿನಿಂದ ಹೊಸದಾಗಿ ಸೇರಿದ ಹುಡುಗಿಯ ದನಿ ಕೇಳಿ ಅಲ್ಲೇ ನಿಂತರು.

“ಇವತ್ತು ಎಷ್ಟು ತಪ್ಪಿದೆ, ಅಕ್ಕಾ?”

“ನಲವತ್ತರ ಮೇಲಿದೆ. ನಿನ್ನೆ ಮೂವತ್ತೊಂದಿತ್ತು.” ಇದು ಉಗುರಕ್ಕ, ಶೆಡ್ಡಿನ ಹಿರಿಯಳು. ಕತ್ತಿ ಮುಟ್ಟದೆ ಬರೀ ಉಗುರಲ್ಲಿ ಗಟ್ಟಿ ಬಿಡಿಸುತ್ತಾಳೆಂದು ಆ ಹೆಸರು. “ಈ ರಾಶಿ ನೀನು ನೋಡು. ಬೆಳಕು ಹೋಗೋದ್ರೊಳಗೆ ಮುಗೀಬೇಕು.”

“ಇಷ್ಟು ಕೆಂಪು ಕಲೆ ಯಾರಿಗಾದ್ರೂ ಕಾಣುತ್ತಲ್ಲ. ಧಣಿ ಎಲ್ಲಾನೂ ನಿಚ್ಚಳದಲ್ಲಿ ಹಾಕಿದಾರೆ. ಆದ್ರೆ ನೋಡಿ, ಒಂದ್ರಲ್ಲೂ ಬಿರುಕಿಲ್ಲ.”

“ಅದೇ ಮತ್ತೆ ತಮಾಷೆ,” ಎಂದಳು ಗಿಣಿ. “ಹೊಸಬರಿಗೆ ಯಾವತ್ತೂ ಬಿರುಕು ತಪ್ಪುತ್ತೆ, ಬಣ್ಣ ತಪ್ಪಲ್ಲ. ನಿನಗೆ ಬಿರುಕು ಕಾಣಲ್ಲ, ಅವರಿಗೆ ಬಣ್ಣ ಕಾಣಲ್ಲ. ಇಬ್ಬರನ್ನೂ ಸೇರಿಸಿ ಹೊಲಿದ್ರೆ ಒಂದು ಆಳಾಗುತ್ತೆ.”

ನಾಲ್ಕಾರು ಜನ ನಕ್ಕರು. ಹುಡುಗಿ, “ಪಾಪ,” ಎಂದಳು.

“ಪಾಪ ಅನ್ಬೇಡ,” ಎಂದಳು ಉಗುರಕ್ಕ. “ಇವತ್ತು ಬಾಯಲ್ಲಿ ಪಾಪ ಅಂದ್ರೆ ನಾಳೆ ಮುಖದಲ್ಲೂ ಪಾಪ ಅಂತ ಬರುತ್ತೆ. ಅವರು ಮುಖ ಓದದೇ ವ್ಯಾಪಾರ ಮಾಡಿದವರಲ್ಲ.”

“ಆಫೀಸಲ್ಲಿ ಹೇಳಿದ್ರೆ ಆಗಲ್ವಾ? ದಿನಾ ಒಂದು ಗಂಟೆ ಇದೇ ಆಯ್ತಲ್ಲ.”

“ಹೇಳ್ಬಹುದು. ನಾಳೆಯಿಂದ ಆ ಬೆಂಚು ಖಾಲಿ. ಅವರಿಗೆ ಮನೇಲಿ ಮಾತಾಡೋಕೆ ಯಾರಿದಾರೆ, ಗೋಡೆ? ಎರಡು ವರ್ಷದಿಂದ ಮಾಡಿದೀವಿ, ಇನ್ನೆಷ್ಟು ದಿನವೋ ಅದನ್ನೂ ಮಾಡೋಣ.”

ಎರಡು ವರ್ಷ. ಸಾಹುಕಾರರು ಪೆಟ್ಟಿಗೆಯ ಅಂಚು ಹಿಡಿದುಕೊಂಡರು. ಅವರ ಲೆಕ್ಕದಲ್ಲಿ ಎಂಟು ತಿಂಗಳು. ಅದಕ್ಕೆ ಮೊದಲು ಒಂದು ವರ್ಷಕ್ಕೂ ಮಿಕ್ಕಿ, ತಮ್ಮ ಕಣ್ಣು ಚೆನ್ನಾಗಿದೆಯೆಂದು ತಾವು ನಂಬಿ ಬೆಳಕಿಗೆ ಹಿಡಿದು ನೋಡುತ್ತಿದ್ದಾಗಲೂ, ಈ ಹೆಂಗಸರು ಹಿಂದಿನಿಂದ ತಿದ್ದುತ್ತಿದ್ದರು. ಕೀಲಿಕೈ ತರಲು ಒಳಗೆ ಕಾಲಿಡಲಾಗಲಿಲ್ಲ. ಬಂದ ಹಾಗೆಯೇ ತಿರುಗಿದರು.

ಮನೆಗೆ ಬೀಗ. ಅಡುಗೆಯವಳ ಹತ್ತಿರ ಇನ್ನೊಂದು ಕೀಲಿಕೈ ಇತ್ತು, ಅವಳು ಬರುವುದು ಆರಕ್ಕೆ. ಊರಿಗೆ ದೊಡ್ಡ ಮನೆಯ ಯಜಮಾನರು ತಮ್ಮ ಮನೆಯ ಮೆಟ್ಟಿಲ ಮೇಲೆ ಕೂತರು. ದಾರಿಯಲ್ಲಿ ಹೋಗುತ್ತಿದ್ದ ಟಪಾಲಿನವನು ಸೈಕಲ್ಲು ನಿಧಾನ ಮಾಡಿದ.

“ಏನ್ ಧಣಿ, ಗಾಳಿಗೆ ಕೂತ್ರಾ?”

“ಹೂಂ, ಗಾಳಿಗೆ,” ಎಂದರು. ಎಲೆಯೂ ಅಲುಗದ ಸಂಜೆ ಅದು.

ಮಾರನೆಯ ದಿನ ಅವರು ಶೆಡ್ಡಿಗೆ ಹೋಗಲಿಲ್ಲ. ನೆಗಡಿ ಎಂದು ಹೇಳಿಕಳಿಸಿದರು. ಅದರ ಮಾರನೆಯ ದಿನವೂ ಹೋಗಲಿಲ್ಲ. ಹಗಲಿನಲ್ಲಿ ತಮ್ಮ ಮನೆ ಹೇಗಿರುತ್ತದೆಂದು ಅವರಿಗೆ ಮರೆತೇ ಹೋಗಿತ್ತು. ನಡುಮನೆಯ ಗಡಿಯಾರ ಹತ್ತು ನಿಮಿಷ ಹಿಂದಿತ್ತು. ಸರಿಮಾಡಿದರೆ ದಿನದಿಂದ ಹತ್ತು ನಿಮಿಷ ಕಡಿಮೆಯಾಯಿತು, ಅಷ್ಟೇ ಲಾಭ. ಮಹಡಿಯ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಬಟ್ಟೆ ತೆಗೆದು ಚಕ್ರ ತಿರುಗಿಸಿ ನೋಡಿದರು. ಎಣ್ಣೆ ಆರಿ ಕಿರುಗುಟ್ಟಿತು. ಆ ಮನೆಯಲ್ಲಿ ಅವತ್ತು ಅವರಿಗೆ ಉತ್ತರ ಕೊಟ್ಟದ್ದು ಅದೊಂದೇ.

ಊಟ ಬಡಿಸುತ್ತ ಅಡುಗೆಯವಳು, “ಸಾರಿಗೆ ಉಪ್ಪು ಸರಿಯಿದೆಯಾ?” ಎಂದಳು.

“ಸರಿಯಿದೆ. ಕೂತ್ಕೊಳಮ್ಮ, ಏನವಸರ.”

“ಅಯ್ಯೋ ಇನ್ನೂ ಎರಡು ಮನೆ ಇದೆ,” ಎಂದು ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಟೇಬಿಟ್ಟಳು.

ಮೂರನೆಯ ದಿನ ಅಳಿಯ ಬಂದ. ಎಂದಿನಂತೆ ಬಾಗಿಲಲ್ಲೇ ನಿಂತ. ಕೀಲಿಕೈಯನ್ನು ಮೇಜಿನ ಮೇಲಿಟ್ಟ.

“ಉಗುರಕ್ಕ ಕೊಟ್ಲು ಮಾವ. ಬೆಂಚಿನ ಮೇಲೆ ಬಿಟ್ಟಿದ್ರಂತೆ. ನೆಗಡಿ ಹೇಗಿದೆ?”

“ಇದೆ ಹಾಗೇ.”

“ಒಂದು ಮಾತು ಹೇಳ್ಲಾ? ಬೇಜಾರು ಮಾಡ್ಕೋಬೇಡಿ. ಈ ವಯಸ್ಸಲ್ಲಿ ನಿಮಗೆ ಆ ಧೂಳು ಯಾಕೆ? ಬೆಂಚಿಗೆ ಯಾರನ್ನಾದ್ರೂ ಕೂರಿಸ್ತೀನಿ. ನೀವು ಮನೇಲಿ ಆರಾಮಾಗಿರಿ. ಏನು ಬೇಕೋ ಕಳಿಸ್ತೀನಿ.”

ಅವನ ದನಿಯಲ್ಲಿ ಕಪಟವಿರಲಿಲ್ಲ. ಸಾಹುಕಾರರು ಮಾತ್ರ ಆ ದನಿಯಲ್ಲಿ ತಮ್ಮದೇ ದನಿ ಕೇಳಿದರು. ಮೂವತ್ತು ವರ್ಷದ ಹಿಂದೆ, ಮೊದಲ ಗುದ್ದಲಿಯಿಂದಲೂ ಜೊತೆಗಿದ್ದ ಪಾಲುದಾರ ಗೆಳೆಯನ ಕಣ್ಣು ಮಂಜಾದಾಗ, ಇದೇ ಕಟ್ಟಳೆ ಹೇಳಿ ಅವನನ್ನು ಬೆಂಚಿನಿಂದ ಎಬ್ಬಿಸಿದವರು ಅವರು. “ನೀನು ಮನೇಲಿ ಆರಾಮಾಗಿರು, ಏನು ಬೇಕೋ ಕಳಿಸ್ತೀನಿ,” ಎಂದಿದ್ದರು. ಬೇಕಾದದ್ದನ್ನೆಲ್ಲ ಕಳಿಸಿದ್ದರು ಕೂಡ, ಒಂದು ತಿಂಗಳೂ ತಪ್ಪದೆ. ತಾವು ಮಾತ್ರ ಹೋಗಲಿಲ್ಲ. ಕೆಲಸವಿತ್ತು. ಗೆಳೆಯ ಒಂದೂವರೆ ವರ್ಷ ಆರಾಮವಾಗಿದ್ದು ಸತ್ತ.

“ನೋಡೋಣ,” ಎಂದರು ಸಾಹುಕಾರರು. “ಇವತ್ತೊಂದಿನ ಬಿಡು.”

ಅಳಿಯ ಹೋದಮೇಲೆ ಬಹಳ ಹೊತ್ತು ಅಲ್ಲೇ ಕೂತರು. ಬೆಂಚು ಬಿಟ್ಟುಕೊಡುವುದು ಕಷ್ಟವಿರಲಿಲ್ಲ. ಕಟ್ಟಳೆ ತಮ್ಮದೇ, ಗೆಳೆಯನಿಗೊಂದು ತಮಗೊಂದು ಆಗಬಾರದು. ಕಷ್ಟವಿದ್ದದ್ದು ಈ ಮನೆ. ಬೆಂಚಿಲ್ಲದೆ ಶೆಡ್ಡಿಗೆ ಹೋಗಲು ನೆಪವಿಲ್ಲ. ಶೆಡ್ಡಿಲ್ಲದಿದ್ದರೆ ಉಳಿಯುವುದು ಆರು ಕೋಣೆ. ಎದ್ದು ಕನ್ನಡಿಯ ಮುಂದೆ ನಿಂತರು. ಮುಖದ ಜಾಗದಲ್ಲಿ ಅದೇ ಹೊಗೆ ಕಂಡಿತು. ಕೈಗಳನ್ನು ಮುಂದೆ ಹಿಡಿದು, ಒಂದು ಹೆಬ್ಬೆರಳಿನಿಂದ ಇನ್ನೊಂದನ್ನು ಸವರಿದರು.

ನಾಲ್ಕನೆಯ ದಿನ ಎಂಟಕ್ಕೆ ಸರಿಯಾಗಿ ಶೆಡ್ಡಿನ ಬಾಗಿಲಲ್ಲಿದ್ದರು. ಗಿಣಿಯ ಮಾತು ಅರ್ಧಕ್ಕೆ ನಿಂತಿತು. ಅವರು ಬೆಂಚಿನ ಕಡೆ ಹೋಗಲಿಲ್ಲ. ಚಾಪೆಗಳ ನಡುವೆ ನಡೆದು ಉಗುರಕ್ಕನ ಮುಂದೆ ನಿಂತರು.

“ಎರಡು ವರ್ಷ ಅಂತಲ್ಲ,” ಎಂದರು.

ಉಗುರಕ್ಕ ಕೈಯಲ್ಲಿದ್ದ ಗಟ್ಟಿ ಕೆಳಗಿಟ್ಟಳು. “ಕೇಳಿಸ್ಕೊಂಡ್ರಾ?”

“ಕೀಲಿಕೈಗೆ ಬಂದಿದ್ದೆ.”

“ತಪ್ಪು ತಿಳೀಬೇಡಿ ಧಣಿ. ನಾವು ನಕ್ಕಿದ್ದು…”

“ನಕ್ಕಿದ್ದು ಚೆನ್ನಾಗಿತ್ತು. ಸೇರಿಸಿ ಹೊಲಿಯೋ ಮಾತು.” ಗಿಣಿ ತಲೆಯನ್ನು ಮೊಣಕಾಲ ನಡುವೆ ಹುದುಗಿಸಿಕೊಂಡಳು. “ಕಟ್ಟಳೆ ನನ್ನದು. ಬಣ್ಣ ತಪ್ಪಿದವನು ಅಲ್ಲಿ ಕೂರೋ ಹಾಗಿಲ್ಲ. ಇವತ್ತಿಂದ ನೀನು ಕೂತ್ಕೋ.”

“ನಾನಾ? ನನ್ನ ಮಂಡಿ ಆ ಎತ್ತರ ಹತ್ತುತ್ತಾ?”

“ನನ್ನ ಮಂಡಿ ಚಾಪೆಗೆ ಇಳಿಯುತ್ತೋ ಇಲ್ವೋ ಅದನ್ನೂ ನೋಡೋಣ,” ಎಂದು ಅವರು ಒಂದು ಕೈ ಗೋಡೆಗೆ ಕೊಟ್ಟು ಬಾಗಿದರು. ಯಾರು ಹಿಡಿಯಬೇಕು, ಹಿಡಿಯಬಹುದೋ ಬಾರದೋ ಎಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಯಾರೂ ಹಿಡಿಯಲಿಲ್ಲ. ಎಲುಬು ಲಟಲಟ ಎನ್ನಿಸಿಕೊಂಡು ಗಿಣಿಗೂ ಹೊಸ ಹುಡುಗಿಗೂ ನಡುವೆ ಇದ್ದ ಜಾಗದಲ್ಲಿ ಕೂತರು. “ಬಿಡಿಸೋ ಕೆಲಸಕ್ಕೆ ಬಣ್ಣ ಬೇಕಿಲ್ಲ. ಒಂದು ಕತ್ತಿ ಕೊಡಿ.”

ಸುದ್ದಿ ಕಾಡ್ಗಿಚ್ಚಿನ ಹಾಗೆ ಹಬ್ಬಿ ಅಳಿಯ ಓಡಿ ಬಂದ. ಬಾಗಿಲಲ್ಲಿ ನಿಂತು ಮಾವನನ್ನು ನೋಡಿ ಮುಖ ಕೆಂಪಗೆ ಮಾಡಿಕೊಂಡ. ಹತ್ತಿರ ಬಂದು ಬಗ್ಗಿ ಪಿಸುಗುಟ್ಟಿದ. “ಮಾವ, ಏನಿದು? ಜನ ನನಗೆ ಏನಂತಾರೆ? ಮಾವನ್ನ ಕೂಲಿಗೆ ಕೂರಿಸಿದ ಅಂತಾರೆ.”

“ಕಣ್ಣು ಹೋಗಿದೆ ಕಣಪ್ಪ. ಕೈ ಇದೆ. ಅನ್ನೋರು ಅನ್ಲಿ, ನನಗೇನು ಹೊಸದಾ?”

ಅಳಿಯ ಬಗ್ಗಿದ್ದವನು ನೆಟ್ಟಗಾಗಿ ಬೆಂಚಿನ ಕಡೆ ಒಮ್ಮೆ ನೋಡಿದ. ಆಮೇಲೆ ಹೊರಟುಹೋದ.

ಕೆಲಸ ಸುಲಭವಾಗಿತ್ತು. ಕತ್ತಿಯ ತುದಿಗೆ ಗಟ್ಟಿ ತಾನಾಗಿ ದಾರಿ ಬಿಡುತ್ತಿತ್ತು, ಹಾಳೆಗಳು ಒಂದೇ ಸಮನಾಗಿ ಏಳುತ್ತಿದ್ದವು. ಸುಲಭವಾಗದೇ ಇದ್ದದ್ದು ಬೇರೆ. ಶೆಡ್ಡು ಮಾತು ಬಿಟ್ಟಿತ್ತು. ಇಪ್ಪತ್ತೆರಡು ಹೆಂಗಸರಿದ್ದ ಕೋಣೆಯಲ್ಲಿ ಕತ್ತಿಯ ಕೆರೆತ, ಹಾಳೆಯ ಸರಸರ, ಮೇಲಿನಿಂದ ಉಗುರಕ್ಕ ಹಾಳೆಗಳನ್ನು ಬೇರೆ ಮಾಡುವ ಸದ್ದು, ಇಷ್ಟೇ. ಗಿಣಿಗೆ ಕೆಮ್ಮು ಬಂದರೂ ಸೆರಗು ಅಡ್ಡ ಹಿಡಿದು ಕೆಮ್ಮಿದಳು. ಹೊಸ ಹುಡುಗಿ ಇವರ ಮೊಣಕೈ ತಾಕದಿರಲೆಂದು ಚಾಪೆಯ ಅಂಚಿಗೆ ಸರಿದು ಸರಿದು ಅರ್ಧ ನೆಲದ ಮೇಲೆ ಕೂತಿದ್ದಳು. ಎತ್ತರದಲ್ಲಿ ದೂರ ಕೂತಿದ್ದಾಗ ಅವರು ಕಿಟಕಿಯ ಕಂಬಿಯ ಹಾಗೆ, ಇದ್ದೂ ಇಲ್ಲದವರು. ಅದಕ್ಕೇ ಮಾತು ಹರಿಯುತ್ತಿತ್ತು. ಈಗ ಪಕ್ಕದಲ್ಲಿ ಕೂತಮೇಲೆ ಅವರು ಧಣಿ. ಇಷ್ಟು ವರ್ಷ ಕೇಳಿದ ಮಾತೆಲ್ಲ ತಮ್ಮ ಮುಂದೆ ಆಡಿದ್ದಲ್ಲ, ತಮ್ಮನ್ನು ಮರೆತು ಆಡಿದ್ದು ಎಂದು ಅವರಿಗೆ ಆಗ ಹೊಳೆಯಿತು.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಹೆಂಗಸರೆಲ್ಲ ಹೊರಗಿನ ಮರದ ಕೆಳಗೆ ಹೋದರು. ಗೋಡೆಯ ಆಚೆಯಿಂದ ಗಿಣಿಯ ದನಿ, ಹಿಂದೆಯೇ ನಗು. ಸಾಹುಕಾರರು ಚಾಪೆಯ ಮೇಲೆ ಒಬ್ಬರೇ ಕೂತು ಬುತ್ತಿ ಮುಗಿಸಿದರು. ಏಳಲು ಒಬ್ಬರ ಆಸರೆ ಬೇಕಿತ್ತು, ಕೇಳಲು ಯಾರೂ ಇರಲಿಲ್ಲ. ಮನೆಗೆ ಹೋಗಿಬಿಡೋಣವೆಂದು ಒಮ್ಮೆ ಅನ್ನಿಸಿತು.

ಎಲ್ಲರೂ ಬಂದು ಕೂತು ಮತ್ತೆ ಅದೇ ಮೌನ ಕವಿದಾಗ ಅವರು ತಡೆಯಲಾರದೆ ತಾವೇ ಬಾಯಿಬಿಟ್ಟರು.

“ನನ್ನ ಹೆಂಡತಿ ಇದೇ ಜಾಗದಲ್ಲಿ ಕೂರ್ತಿದ್ಲು. ಆಗ ಶೆಡ್ಡಿಲ್ಲ, ನಾಲ್ಕು ಕಂಬ, ಮೇಲೆ ತಗಡು. ಒಂದಿನ ನಾನು ಒಲೆ ಕಾರ್ಖಾನೆಯವರ ಹತ್ತಿರ ಹೇಗೆ ಚೌಕಾಸಿ ಮಾಡಿದೆ ಅಂತ ಕೊಚ್ಕೊಳ್ತಾ ಇದ್ದೆ. ಅವಳು ಹೂಂ ಅಂತಿದ್ಲು, ಹೂಂ ಅಂತಿದ್ಲು. ತಿರುಗಿ ನೋಡ್ತೀನಿ, ಕೂತಲ್ಲೇ ನಿದ್ದೆ. ನಿದ್ದೇಲೇ ಹೂಂ ಅಂತಿದ್ಲು…”

ಯಾರೂ ನಗಲಿಲ್ಲ. ನಗಬೇಕೋ ಮರುಗಬೇಕೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೌನ ಇನ್ನಷ್ಟು ಬಿಗಿಯಾಯಿತು. ಅವರು ಅದನ್ನು ತುಂಬಿಸಲು ಇನ್ನೊಂದು ಕಥೆ ಎತ್ತಿಕೊಂಡರು, ಅದರ ನಡುವೆ ಮತ್ತೊಂದು. ದನಿ ದೊಡ್ಡದಾಗುತ್ತ ಹೋಯಿತು. ಕತ್ತಿ ಹಿಡಿದ ಕೈ ಗಾಳಿಯಲ್ಲಿತ್ತು.

“ಧಣಿ,” ಎಂದಳು ಉಗುರಕ್ಕ ಬೆಂಚಿನಿಂದ. ಕಣ್ಣಿಗೆ ಹಿಡಿದ ಹಾಳೆಯನ್ನು ಅವಳು ಇಳಿಸಲೂ ಇಲ್ಲ. “ಬಾಯಿ ಸಾಕು. ಕೈ ನಡೀಲಿ.”

ಹಗಲೆಲ್ಲ ಹತ್ತು ಸಲ ಅವಳು ಯಾರಿಗಾದರೂ ಹೇಳುತ್ತಿದ್ದ ಮಾತು ಅದು. ಗಿಣಿಗೆ ಇಪ್ಪತ್ತು ಸಲ. ಹೇಳಿದ್ದು ಯಾರಿಗೆಂದು ಹೇಳಿದಮೇಲೆ ಅವಳಿಗೆ ಗೊತ್ತಾಗಿರಬೇಕು. ಬೆಂಚಿನ ಮೇಲೆ ಹಾಳೆ ಒಂದು ಕ್ಷಣ ಅಲುಗದೆ ನಿಂತಿತು.

ಸಾಹುಕಾರರು ಬಾಯಿ ಮುಚ್ಚಿದರು. ಕಿವಿ ಬಿಸಿಯಾಗಿತ್ತು. ಐವತ್ತು ವರ್ಷಗಳಲ್ಲಿ ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ. ತಲೆ ತಗ್ಗಿಸಿ ಗಟ್ಟಿಯನ್ನು ಮಡಿಲಿಗೆ ಎಳೆದುಕೊಂಡು ಕತ್ತಿಯ ತುದಿ ಇಳಿಸಿದರು.

ಎಡಗಡೆ ಗಿಣಿಯ ಮೂಗಿನಿಂದ ಪುಸಕ್ಕನೆ ಒಂದು ಸದ್ದು ಹೊರಟಿತು. ದೂರದ ಚಾಪೆಯಲ್ಲಿ ಇನ್ನೊಬ್ಬಳಿಗೆ ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಇವರನ್ನು ದಾಟಿ, ಗಿಣಿ ಮೆಲ್ಲಗೆ ಹೊಸ ಹುಡುಗಿಯನ್ನು ಕೇಳಿದಳು. “ಅಲ್ವೇ, ನಿಮ್ಮತ್ತೆ ಊರಿಂದ ಬಂದ್ರಾ?”

“ಬಂದ್ರು. ಟ್ರಂಕ್ ಸಮೇತ.”

“ಟ್ರಂಕ್ ಸಮೇತ ಅಂದ್ರೆ ಹೋಗೋ ಮಾತಿಲ್ಲ ಬಿಡು.”

ಅವರನ್ನು ಯಾರೂ ಏನೂ ಕೇಳಲಿಲ್ಲ. ಆ ಅತ್ತೆ ಎಂಥವಳು, ಟ್ರಂಕಿನಲ್ಲಿ ಏನಿತ್ತು ಎಂದು ಕೇಳಲು ಅವರಿಗೆ ನಾಲಿಗೆ ತುದಿಯವರೆಗೂ ಬಂತು, ಕೇಳಲಿಲ್ಲ. ಮಾತು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಅವರ ಎದೆಯ ಮುಂದೆಯೇ ಹಾದುಹೋಗುತ್ತಿತ್ತು. ಅದಕ್ಕೆ ಅಡ್ಡವಾಗಬಾರದೆಂದು ಅವರು ತಲೆಯನ್ನು ಒಂದಿಷ್ಟು ಹಿಂದಕ್ಕೆ ಗೋಡೆಗೆ ಆನಿಸಿಕೊಂಡು ಕೈ ನಡೆಸಿದರು.